ನೀಲಕ್ಕನ ಉಡಿ

ನೀಲಕ್ಕನ ಉಡಿ ಖಾಲಿ ಇದ್ದದ್ದನ್ನು ನಾನಂತೂ ನೋಡಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಾಡಿದ ಆ ಚೀಲದಲ್ಲಿ ಹಕ್ಕರಕಿ, ಗೋಳಿಪಲ್ಯದಂಥ ಹೊಲದ ಸೊಪ್ಪು, ಕವಳಿಹಣ್ಣು, ಏನಾದರೊಂದು ಇರಲೇಬೇಕು. ಅವರು ನನ್ನ ಗಂಡನ ಅಕ್ಕ. ಐಹೊಳೆಯಿಂದ ಹುನಗುಂದದ ನಮ್ಮ ಮನೆಗೆ ಬರಲು ಬಸ್ಸಿತ್ತು. ಆದರೆ ಆ ಬಸ್ಸಿನಲ್ಲಿ ಅವರು ಪೂರ್ತಿ ದಾರಿ ಬಂದದ್ದೇ ಇಲ್ಲ. ಯಾರದೋ ಹೊಲದ ಬದುವಿನಲ್ಲಿ ಹಸಿರು ಕಂಡರೆ ಸಾಕು, "ಏ ತಮ್ಮಾ, ಇಲ್ಲೇ ಇಳಸೋ ಯಪ್ಪಾ" ಎಂದು ಕಂಡಕ್ಟರನಿಗೆ ಗಂಟುಬೀಳುತ್ತಿದ್ದರು. ನಾನು ಮಧ್ಯಾಹ್ನದ ಊಟಕ್ಕೆ ಕಾದು ಕೂತರೆ ಅವರು ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ.

ಬಂದ ಮೇಲಾದರೂ ಸುಮ್ಮನಿರುತ್ತಿದ್ದರೇ? ಅಡುಗೆಮನೆಯಲ್ಲಿ ಗ್ಯಾಸ್ ಇದ್ದರೂ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಬೂರುಗದ ಅರಳೆ ಹಿಡಿದು, ಚಕಮಕಿ ಕಲ್ಲು ಕುಟ್ಟುತ್ತ ಕೂರುವುದು. ಒಮ್ಮೆ ಕಿಡಿ ಹಾರಿ, ಒಣಹಾಕಿದ್ದ ನನ್ನ ಇಳಕಲ್ ಸೀರೆಗೆ ತೂತು ಬಿತ್ತು.

"ಕಡ್ಡಿಪೆಟ್ಟಿಗಿ ಕೈಯಾಗ ಕೊಟ್ಟೀನಲ್ರಿ!" ಎಂದು ಕೂಗಾಡಿದೆ.

"ಮಳಿಯಾಗ ಕಡ್ಡಿಪೆಟ್ಟಿಗಿ ತೊಯ್ದ್ರ ಏನ್ ಮಾಡ್ತಿ?"

ಹೊರಗೆ ಸುಡುವ ಬಿಸಿಲು. "ಮಳಿ ಎಲ್ಲೈತ್ರಿ?" ಎಂದರೆ, "ಬರ್ತೈತಿ ತಗೋ" ಎಂದು ಮತ್ತೆ ಕುಟ್ಟತೊಡಗಿದರು. ಆವತ್ತಿನ ಗೋಳಿಪಲ್ಯ ರುಚಿಯಾಗಿತ್ತು ಎನ್ನುವುದು ಬೇರೆ ಮಾತು. ಸಿಟ್ಟಿನಲ್ಲೇ ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ಆದರೆ ನನ್ನ ಮಗನಿಗೆ ಹೆಸರಿಡುವ ದಿನ ಮಾಡಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವಳು ಬಾರದೆ ಹೆಸರಿಲ್ಲ. ನನ್ನ ತವರಿನವರು, ಓಣಿಯವರು ಎಲ್ಲ ಬಂದು ಕೂತಿದ್ದಾರೆ. ಹೋಳಿಗೆ ಆರುತ್ತಿದೆ. ಕೂಸು ಅತ್ತು ಅತ್ತು ಕೆಂಪಾಗಿದೆ. ನೀಲಕ್ಕನ ಪತ್ತೆಯಿಲ್ಲ. ಅವರ ಫೋನು ಐಹೊಳೆಯ ಮನೆಯ ಗೂಡಿನಲ್ಲೇ ಬಡಿದುಕೊಳ್ಳುತ್ತಿತ್ತಂತೆ.

ಹೊತ್ತಿಳಿದ ಮೇಲೆ ಬಂದರು. ಮೊಣಕಾಲವರೆಗೆ ಕೆಸರು, ಹೆಗಲ ಮೇಲೆ ನಾರಿನ ಹಗ್ಗ, ಹಗ್ಗದ ತುಂಬ ಕೊಳೆತ ನಾತ. ತೊಟ್ಟಿಲು ಕಟ್ಟಲೆಂದು ಮಲಪ್ರಭೆಯ ದಂಡೆಯಲ್ಲಿ ಪುಂಡಿ ಗಿಡದ ದಂಟುಗಳನ್ನು ನೀರಿನಲ್ಲಿ ಕೊಳೆಹಾಕಿದ್ದರಂತೆ. ನಾರು ಬಿಡುವುದು ತಡವಾಯಿತಂತೆ. ಸುಲಿದು, ತೊಳೆದು, ಹೊಸೆದು ಬರುವಷ್ಟರಲ್ಲಿ ಇಷ್ಟು ಹೊತ್ತು. ಕೂತ ಹೆಂಗಸರು ಮೂಗಿಗೆ ಸೆರಗು ಹಿಡಿದರು.

"ಅಕ್ಕಾರ, ಅಂಗಡಿಯಾಗ ನೈಲಾನ್ ಹಗ್ಗ ಸಿಗ್ತಿತ್ತಲ್ರೀ!"

"ನನ್ನ ಅಳಿಯನ್ನ ಪ್ಲಾಸ್ಟಿಕ್‌ಗೆ ಜೋತುಹಾಕ್ತಿ ಏನು? ಬಿಚ್ಚಸು ತೊಟ್ಟಿಲಾ."

ಸಿಂಗರಿಸಿದ ತೊಟ್ಟಿಲನ್ನು ಇಳಿಸಿ, ಹೂವೆಲ್ಲ ಕೆಡವಿ, ಆ ಹಸಿ ಹಗ್ಗಕ್ಕೆ ಕಟ್ಟಿಸಿ, ಹಗ್ಗಕ್ಕೆ ತಾವೇ ಜೋತುಬಿದ್ದು ಜಗ್ಗಿ ನೋಡಿ, ಆಮೇಲೆ ಹೆಸರು ಹೇಳಿದರು. ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಉಳಿದ ಹೆಂಗಸರು ಗುದ್ದುವುದು ಪದ್ಧತಿ, ತಮಾಷೆಗೆ. ಬಾಣಂತಿಯಾದ ನಾನು ಕೂತಲ್ಲಿಂದಲೇ ಗುದ್ದಿದೆ, ತಮಾಷೆಗಲ್ಲ. "ಅಬಾಬಾ, ಬಾಣಂತಿಗೆ ಕಸುವು ಬಂದೈತಿ!" ಎಂದು ನೀಲಕ್ಕ ಎಲ್ಲರಿಗಿಂತ ಜೋರಾಗಿ ನಕ್ಕರು.

ಹೋದ ಮಳೆಗಾಲದಲ್ಲಿ ಜ್ವರವೆಂದು ಮಲಗಿದರು. ನಾನು ಆಗ ಎರಡನೆಯ ಸಲ ಬಸುರಿ. ಆ ಹೊಟ್ಟೆ ಹೊತ್ತು ಐಹೊಳೆಗೆ ಹೋಗಿ, ದವಾಖಾನಿಗೆ ನಡೀರಿ ಎಂದು ಅತ್ತು ಕೇಳಿಕೊಂಡೆ.

"ಹಿತ್ತಲದಾಗ ಪುಂಡಿ ಹೂ ಬಿಡಾಕತ್ತೈತಿ. ಅದನ್ನ ಕೊಯ್ದು ನೀರಿಗಿ ಹಾಕಿ ಬರ್ತೇನಿ, ನೀ ಹೋಗಿರು" ಎಂದರು. ಹಟಮಾರಿ ಹೆಂಗಸು. ಎದ್ದು ಕೂರಲೂ ಆಗುತ್ತಿರಲಿಲ್ಲ. ಆ ವಾರವೇ ತೀರಿಕೊಂಡರು.

ಮಗಳಿಗೆ ಹೆಸರಿಟ್ಟವಳು ನನ್ನ ಗಂಡನ ಚಿಕ್ಕಪ್ಪನ ಮಗಳು. ಒಳ್ಳೆಯ ಹುಡುಗಿ, ಬಾದಾಮಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದಳು. ಹೇಳಿದ ಹೊತ್ತಿಗೆ ತೊಟ್ಟಿಲು ತೂಗಿತು. ಎಲ್ಲರಿಗೂ ಬಿಸಿ ಹೋಳಿಗೆ ಸಿಕ್ಕಿತು. ಬಂದವರು ಬಿಸಿಲಿರುವಾಗಲೇ ಊರಿಗೆ ಹೊರಟರು. ಕಾರ್ಯ ಚಲೋ ಆಯಿತೆಂದು ಅತ್ತೆಯವರೂ ಹೇಳಿದರು. ನನಗೆ ಮಾತ್ರ ಸಿಟ್ಟು ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಆ ಹುಡುಗಿಯ ಕೈ ಹಿಡಿದು, "ಇಷ್ಟು ಲಗೂ ಯಾಕ ಬಂದಿ ನೀ?" ಎಂದು ಕೇಳಿಬಿಟ್ಟೆ.