ಮೆಟ್ಟಿಲ ಕೆಳಗಿನ ಮರ್ಯಾದೆ

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದೆ. ಬಾಳೂರಿನ ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್, ಅವನು ಆಳುಗಳ ಮೇಸ್ತ್ರಿ. ನನ್ನ ಮನೆಗೆ ಬಂದಾಗಲೆಲ್ಲ ತಲೆಯ ಟವೆಲ್ ತೆಗೆದು ಜಗುಲಿಯ ಮೆಟ್ಟಿಲ ಕೆಳಗೇ ನಿಲ್ಲುತ್ತಿದ್ದ. ಕಲಿಸಿದವನು ನಾನೇ. ಮರ್ಯಾದೆ ಎಂಬ ಮಾತಿಗೆ ಮೂಲದಲ್ಲಿ ಎಲ್ಲೆ ಎಂದೇ ಅರ್ಥವೆಂದು ಹೈಸ್ಕೂಲಿನಲ್ಲಿ ಓದಿದ್ದೆ. “ಈ ಮೆಟ್ಟಿಲೇ ನಿನ್ನ ಎಲ್ಲೆ. ನಾನು ಕೇಳೋ ತನಕ ಬಾಯಿ ಬಿಡ್ಬೇಡ ಮಾರಾಯ,” ಎಂದಿದ್ದೆ. “ಆಯ್ತು ರೈಟ್ರೇ, ಮರ್ಯಾದೆ ಮರ್ಯಾದೆನೇ,” ಎನ್ನುತ್ತಿದ್ದ.

ಒಂದು ಮಧ್ಯಾಹ್ನ ನಾನು ಜಗುಲಿಯಲ್ಲಿ ಊಟಕ್ಕೆ ಕೂತಿದ್ದಾಗ ಬಂದು ನಿಂತ. ನೋಡಿಯೂ ಮಜ್ಜಿಗೆ ಅನ್ನ ಮುಗಿಸಿ, ಕೈ ತೊಳೆದು ಕೇಳಿದೆ.

“ಹೆಂಡ್ತಿಗೆ ಹಾವು ಕಚ್ಚಿದೆ. ಜೀಪು ಬೇಕಿತ್ತು.”

“ಆಗ್ಲೇ ಹೇಳೋಕೇನಾಗಿತ್ತು?”

“ನೀವು ಉಣ್ತಿದ್ರಿ, ರೈಟ್ರೇ.”

ಆಸ್ಪತ್ರೆಗೆ ಹೊರಟ ಜೀಪು ಕೊಟ್ಟಿಗೆಹಾರ ದಾಟುವ ಮೊದಲೇ ಆಕೆ ತೀರಿಕೊಂಡಳು. ಮುಂದಿನ ವಾರ ಅವನು ಮತ್ತೆ ಅಲ್ಲೇ ಟವೆಲ್ ತೆಗೆದು ನಿಂತಾಗಲೂ ನಾನು ಮೆಟ್ಟಿಲಿಳಿಯಲಿಲ್ಲ. ನಾನು ಕೊನೆಗೂ ಕ್ಷಮೆ ಕೇಳದ ಮನುಷ್ಯ ಆ ಮೇಸ್ತ್ರಿ.