ಪುಕ್ಕಟೆ ಸಂಜೆಯ ಸಿಡುಕ ಹ್ಯೂಡಿ

ಪ್ರತಿವರ್ಷ ಸೆಪ್ಟೆಂಬರಿನ ಒಂದು ಶುಕ್ರವಾರ ಸಂಜೆ ಐರ್ಲೆಂಡಿನ ಊರೂರಲ್ಲೂ ಹಾಡು, ನಾಟಕ, ಹಳೇ ಕಟ್ಟಡ ಎಲ್ಲವೂ ಪುಕ್ಕಟೆ. ಅವತ್ತು ಡೊನೆಗಲ್ ಕರಾವಳಿಯ ನನ್ನ ಅಂಗಡಿಗೆ ನೊಣವೂ ಬರುವುದಿಲ್ಲ, ಹ್ಯೂಡಿ ಗಾಲಗರ್ ಮಾತ್ರ ಬರುತ್ತಾನೆ. ಊರನ್ನೆಲ್ಲ ಬೈಯಲು ಗಂಟಲಿಗೆ ಪೆಪ್ಪರ್‌ಮಿಂಟ್ ಬೇಕಲ್ಲ. "ಪುಕ್ಕಟೆ ಕೊಡೋದೆಲ್ಲ ಕೊಳೆತದ್ದೇ ಕಣೋ ಮ್ಯಾನಸ್" ಎಂದು ನನಗೆ ಹೇಳುತ್ತಲೇ ಒಂದು ಕಾರ್ಯಕ್ರಮವನ್ನೂ ಬಿಡದೆ ಸುತ್ತುತ್ತಾನೆ. ಪಿಟೀಲಿನವನಿಗೆ "ಶ್ರುತಿ ಮಾಡ್ಕೊಳ್ಳೋಕೆ ವರ್ಷವೆಲ್ಲ ಇತ್ತಲ್ಲೋ" ಎಂದು ಕೂಗುತ್ತಾನೆ, ಕವಿ ಓದುವಾಗ ಕುರ್ಚಿ ಕರಕರ ಎನ್ನಿಸುತ್ತಾನೆ, ವೈನ್ ಹುಳಿ ಎಂದು ದೂರಲಿಕ್ಕೇ ಇನ್ನೊಂದು ಲೋಟ ಕುಡಿಯುತ್ತಾನೆ. ಕೊನೆಗೆ ಮುಚ್ಚಿಹೋದ ಉಣ್ಣೆ ಗಿರಣಿಗೆ ಹೋಗುತ್ತಾನೆ. ಅದರ ಬಾಗಿಲು ತೆರೆಯುವುದು ವರ್ಷಕ್ಕೆ ಆ ಸಂಜೆ ಮಾತ್ರ. ಅಲ್ಲಿ ಮಗ್ಗದ ಮುಂದೆ ನಿಂತ ಹೆಂಗಸಿನ ಚಿತ್ರವಿದೆ, ಕೆಳಗೆ 'ಬ್ರಿಜಿಡ್ ಗಾಲಗರ್' ಎಂಬ ಚೀಟಿಯಿದೆ. ನಮ್ಮೂರಲ್ಲಿ ಅರ್ಧ ಜನ ಗಾಲಗರ್‌ಗಳೇ, ಹೆಸರಿಗೆ ಅಪ್ಪನ, ಅಜ್ಜನ ಹೆಸರು ಜೋಡಿಸದಿದ್ದರೆ ಯಾರು ಯಾರೆಂದೇ ತಿಳಿಯುವುದಿಲ್ಲ. "ಈ ಊರಲ್ಲಿ ಕಲ್ಲೆಸೆದ್ರೆ ಒಬ್ಬಳು ಬ್ರಿಜಿಡ್ ಗಾಲಗರ್‌ಗೇ ಬೀಳುತ್ತೆ! ಇವಳು ಯಾವಳು ಅಂತ ಹೇಳೋರ್ಯಾರು?" ಎಂದು ಹ್ಯೂಡಿ ಸಿಡುಕುತ್ತಾನೆ. ಗಿರಣಿ ತೋರಿಸಲು ಡಬ್ಲಿನ್ನಿನಿಂದ ಬರುವ ಹುಡುಗಿ ಪ್ರತಿವರ್ಷವೂ ಒಂದೇ ಉತ್ತರ ಕೊಡುತ್ತಾಳೆ: "ದಾಖಲೆಯಲ್ಲಿ ಹಾಗೇ ಇದೆ ಸರ್." "ದಾಖಲೆ ಅವಳ ಕೈಯಡುಗೆ ತಿಂದಿತ್ತೇನಮ್ಮಾ? ನಾನು ತಿಂದಿದೀನಿ!" ಅವಳು ಚೀಟಿ ಬದಲಾಯಿಸುವುದಿಲ್ಲ. ಅವನು ಚಿತ್ರದ ಪಕ್ಕದಿಂದ ಕದಲುವುದಿಲ್ಲ, ಟೊಪ್ಪಿ ತೆಗೆದು ನಿಂತು, ದೀಪ ಆರಿಸುವವರೆಗೆ, ಬಂದವರನ್ನೆಲ್ಲ ಗದರುತ್ತಲೇ ಇರುತ್ತಾನೆ: "ಬರೀ ಬ್ರಿಜಿಡ್ ಅಲ್ಲ, ಬ್ರೈಡಿ ಕಾನ್ ಓನಿ. ಓನಿಯ ಮೊಮ್ಮಗಳು, ಕಾನ್‌ನ ಮಗಳು, ನಮ್ಮಮ್ಮ. ಟೊಪ್ಪಿ ತೆಗೀರಿ!"