ತುಟಿಗೆ ಕೂತ ಮಾತು

ಬೀದಿಯವರು ಅವನನ್ನು ರೀಲಪ್ಪ ಎಂದು ಕರೆಯುತ್ತಿದ್ದರು. ರೀಲು ಬಿಡುವವನೆಂದಲ್ಲ, ಪಾಪ, ಸುಳ್ಳು ಹೇಳಬೇಕಾದರೂ ನಾಲ್ಕು ಮಾತಾಡಬೇಕಲ್ಲ! ಸಂಜೆ ತನ್ನ ರೇಡಿಯೋ ರಿಪೇರಿ ಅಂಗಡಿಯ ಬಾಗಿಲು ಹಾಕಿದ ಮೇಲೆ ಅವನ ಪ್ರಾಣವೆಲ್ಲ ಸಿನಿಮಾ ರೀಲುಗಳಲ್ಲಿ, ಅದಕ್ಕೆ ಆ ಹೆಸರು. ಅವನ ಹೆಂಡತಿಗೆ ಅಡ್ಡಹೆಸರಿನ ಭಾಗ್ಯವೂ ಇರಲಿಲ್ಲ. ರೀಲಪ್ಪನ ಮನೆಯವರು, ಅಷ್ಟೇ. ಈ ಕಥೆ ಅವಳದು.

ಮೂರು ಗಂಟೆಯ ಹಳೆಯ ಸಿನಿಮಾಗಳನ್ನು ಕತ್ತರಿಸಿ, ಕಾಲು ಗಂಟೆಗೆ ಇಳಿಸಿ, ಮನೆಯ ಗೋಡೆಯ ಮೇಲೆ ಬಿಟ್ಟುಕೊಂಡು ನೋಡಲೆಂದು ಒಂದು ಕಾಲದಲ್ಲಿ ಪುಟ್ಟ ರೀಲುಗಳನ್ನು ಮಾರುತ್ತಿದ್ದರು. ಅಗ್ಗದವೆಲ್ಲ ಮೂಕ. ರೀಲಪ್ಪ ಅವಕ್ಕೆ ಬಾಯಿ ಬರಿಸುತ್ತಿದ್ದ. ರೀಲಿನ ಅಂಚಿಗೆ ಕ್ಯಾಸೆಟ್ಟಿನ ಟೇಪಿನಂಥ, ದಾರದಷ್ಟು ಸಣ್ಣ ಕಂದು ಪಟ್ಟಿ ಅಂಟಿಸಿ, ಅದರ ಮೇಲೆ ಧ್ವನಿ ತುಂಬುವ ಕೆಲಸ. ಧ್ವನಿ ಎಲ್ಲಿಂದ ಬರಬೇಕು? ಗುಜರಿಯ ಗ್ರಾಮಫೋನ್ ತಟ್ಟೆಗಳಿಂದ, ಯಾರೋ ಎಂದೋ ರೇಡಿಯೋದಿಂದ ಹಿಡಿದಿಟ್ಟ ಕ್ಯಾಸೆಟ್ಟುಗಳಿಂದ. ಇರುವೆ ಸಕ್ಕರೆ ಕೂಡಿಸಿದ ಹಾಗೆ ಕೂಡಿಸುತ್ತಿದ್ದ. ಎಲ್ಲಿ ಹುಡುಕಿದರೂ ಸಿಗದ ಹೆಂಗಸರ ಮಾತಿಗೆ ಹೆಂಡತಿ ಇದ್ದಳಲ್ಲ! ಹೊಸದರಲ್ಲಿ ಅವಳಿಗೂ ಅದು ಹಿಗ್ಗೇ. ಗೋಡೆಯ ಮೇಲಿನ ಚೆಲುವೆ ಬಾಯಿ ತೆರೆದರೆ ತನ್ನ ದನಿ ಬರುವುದೆಂದರೆ ಸಾಮಾನ್ಯವೇ?

ಆದರೆ ಸತ್ತವರು ಮಾತಾಡಬೇಕಾದರೆ ಇದ್ದವರು ಬಾಯಿ ಮುಚ್ಚಬೇಕು. ಕಿಟಕಿಗೆ ಹಾಸಿಗೆ ಒತ್ತಿಟ್ಟು, ಫ್ಯಾನು ನಿಲ್ಲಿಸಿ, ಗಡಿಯಾರವನ್ನು ಬಚ್ಚಲಿಗೆ ಸಾಗಿಸಿದ ಮೇಲೆ ಮನೆ ಉಸಿರಾಡುವಂತಿರಲಿಲ್ಲ. ಪಾತ್ರೆ ತೊಳೆಯುವಂತಿಲ್ಲ, ಕೆಮ್ಮುವಂತಿಲ್ಲ. ನೆಂಟರು ಒಂದೆರಡು ಸಲ ಬಂದು, ಮಿಕಮಿಕ ನೋಡಿ, ಬರುವುದನ್ನೇ ಬಿಟ್ಟರು. ರೀಲಪ್ಪ ಯಾವತ್ತೂ ಗದರಿದವನಲ್ಲ. ತುಟಿಯ ಮೇಲೆ ಬೆರಳಿಡುತ್ತಿದ್ದ, ಅಷ್ಟೇ. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಬೆರಳಿನ ಜೊತೆ ಯಾರು ಜಗಳವಾಡುತ್ತಾರೆ?

ಹೀಗಿರುವಾಗ ಒಂದು ದಿನ ದೂರದ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ತಂಗಿ ಫೋನ್ ಮಾಡಿದಳು.

"ಅಕ್ಕಾ, ಅಂಗಡಿ ದೊಡ್ಡದು ಮಾಡ್ತಿದ್ದೀನಿ. ಬಟ್ಟೆ ಕತ್ತರಿಸೋಕೆ ನಿನ್ನಂಥ ಕೈ ಬೇಕು. ಮೇಲೆ ರೂಮಿದೆ, ಬಂದು ಇದ್ದುಬಿಡು. ಭಾವನೂ ಬೇಕಾದ್ರೆ ಬರಲಿ, ಅವರ ರೀಲಿನ ಡಬ್ಬಗಳು ಮಾತ್ರ ಬೇಡ. ಈ ತಿಂಗಳೊಳಗೆ ಹೇಳು, ಇಲ್ದಿದ್ರೆ ಬೇರೆಯವರನ್ನ ಇಟ್ಕೋಬೇಕಾಗುತ್ತೆ."

ಸಾಲಾಗಿ ಹೊಲಿಗೆ ಯಂತ್ರಗಳು, ಬಿಡುವಿಲ್ಲದೆ ಹರಟುವ ಹುಡುಗಿಯರು, ಬೀದಿಗೆ ಹಾರುಹೊಡೆದ ಬಾಗಿಲು! ನೆನೆದರೇ ಅವಳಿಗೆ ಎದೆ ಹಗುರಾಗುತ್ತಿತ್ತು. ಹೋಗಲೇಬೇಕು ಎಂದು ಅವತ್ತೇ ನಿಶ್ಚಯಿಸಿದಳು. ಆದರೆ ಹೇಳದೆ ಕೇಳದೆ ಹೊರಡುವುದು ಅವಳ ಜಾಯಮಾನವಲ್ಲ. ಗಂಡ ಕೇಳಿಸಿಕೊಂಡು ಹೂಂ ಅನ್ನಲಿ, ಇಲ್ಲ ಬೇಡ ಅನ್ನಲಿ. ಬೇಡ ಅಂದರೆ ಹೊಡೆದಾಡಿಯಾದರೂ ಹೋಗಬಹುದು.

"ರೀ, ಒಂದು ಮಾತು ಹೇಳ್ಬೇಕಿತ್ತು."

"ಈ ರೀಲೊಂದು ಮುಗೀಲಿ ಕಣೆ."

ಊಟಕ್ಕೆ ಕೂತಾಗ ಹೇಳಿದರೆ ಕಿವಿಗೆ ಹೆಡ್‌ಫೋನ್. ಮಲಗುವಾಗ ಹೇಳಿದರೆ ಗೊರಕೆ. ಕೋಣನ ಮುಂದೆ ಕಿನ್ನರಿ ಬಾರಿಸಿದವರಾದರೂ ಕೋಣ ಕಿವಿ ಅಲ್ಲಾಡಿಸುವುದನ್ನು ಕಂಡಿರುತ್ತಾರೆ. ತಿಂಗಳು ಸರಿಯುತ್ತಿತ್ತು.

ಆ ರೀಲಿನಲ್ಲಿ ಒಬ್ಬ ಹೆಂಡತಿ ಬಾಗಿಲಲ್ಲಿ ನಿಂತು ಗಂಡನಿಗೆ ಏನೋ ಹೇಳುವ ದೃಶ್ಯವಿತ್ತು. ಆ ಮಾತಿನ ಧ್ವನಿ ಯಾರ ಹತ್ತಿರವೂ ಸಿಕ್ಕಿರಲಿಲ್ಲ.

"ಏನು ಹೇಳ್ಲಿ?" ಎಂದಳು ಮೈಕಿನ ಮುಂದೆ ಕೂತು.

"ಏನಾದ್ರೂ ಹೇಳು. ತುಟಿಗೆ ಕೂತ್ರೆ ಸಾಕು."

ದೃಶ್ಯ ಓಡಿತು. ಅವಳು ಗೋಡೆಯ ಕಡೆ ನೋಡಲಿಲ್ಲ. ಆ ತುಟಿ ಎಲ್ಲಿ ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ ಎಂಬುದು ಬಾಯಿಪಾಠವಾಗಿತ್ತು. ಗಂಡನ ಮುಖವನ್ನೇ ನೋಡುತ್ತಾ ಹೇಳಿದಳು: "ನಂಗೆ ಈ ಮನೇಲಿ ಉಸಿರು ಕಟ್ತಿದೆ. ತಂಗಿ ಕರೀತಿದ್ದಾಳೆ. ಬಿಟ್ಬಿಡಿ, ನಾನು ಹೋಗ್ಬೇಕು."

ಅವನು ಗೋಡೆ ನೋಡುತ್ತಿದ್ದ. ರೀಲು ಹಿಂದಕ್ಕೆ ಸುತ್ತಿ, ಮತ್ತೆ ಬಿಟ್ಟು ಕೇಳಿದ. ಕೇಳಿದವನೇ ಕುರ್ಚಿಯಿಂದ ಎದ್ದುಬಿಟ್ಟ.

"ಅಬ್ಬಬ್ಬಾ! ಆ 'ಬಿಟ್ಬಿಡಿ' ಇದ್ಯಲ್ಲ, ಅವಳ ತುಟಿ ಮುಚ್ಚೋ ಜಾಗದಲ್ಲೇ ಬಂದು ಕೂತಿದೆ ಕಣೆ! ಅದಿರ್ಲಿ, ಆ ತಂಗಿ ವಿಚಾರ ಎಲ್ಲಿಂದ ತಂದೆ?"

"ಅದು ಅವಳ ಮಾತಲ್ಲಾ ರೀ."

"ಗೊತ್ತು ಬಿಡೆ, ಅವಳದು ಸಿಗಲಿಲ್ವಲ್ಲ. ಇನ್ಮೇಲೆ ನಿನ್ನದೇ ಅವಳದು," ಎಂದು ಹೆಡ್‌ಫೋನ್ ಏರಿಸಿಕೊಂಡ.

ತಿಂಗಳ ಕೊನೆಯ ಭಾನುವಾರ ರೀಲು ಸಂಗ್ರಹಿಸುವವರ ಸಂಘದಲ್ಲಿ ಅದರ ಪ್ರದರ್ಶನ. ಬಾಗಿಲಿನ ದೃಶ್ಯ ಬಂದಾಗ ಮುಂದಿನ ಸಾಲಿನ ಮುದುಕರೊಬ್ಬರು ಕಣ್ಣೊರೆಸಿಕೊಂಡರು. ದೀಪ ಹತ್ತಿದ ಮೇಲೆ ಯಾರ ದನಿ, ಯಾರ ದನಿ ಎಂದು ಗುಲ್ಲೆದ್ದಿತು. ರೀಲಪ್ಪ ಉಬ್ಬಿಹೋಗಿ, "ನಮ್ಮ ಮನೆಯವಳೇ," ಎಂದು ಅವಳನ್ನು ಮುಂದಕ್ಕೆ ತಂದು ನಿಲ್ಲಿಸಿ ತಾನು ಹೋಗಿ ಕೂತ.

"ಅಮ್ಮಾ, ಆ ಮಾತು ಒಂದು ಸಲ ನಮ್ಮ ಮುಂದೇನೇ ಹೇಳಿಬಿಡಿ!" ಎಂದರು ಅಧ್ಯಕ್ಷರು.

ಅವಳು ಗಂಡನನ್ನು ನೋಡಿದಳು. ಕಿವಿ ಖಾಲಿ, ಕೈ ಖಾಲಿ. ಮೈಯೆಲ್ಲ ಕಿವಿಯಾಗಿ ಅವಳನ್ನೇ ನೋಡುತ್ತಿದ್ದ. ಮದುವೆಯಾದಾಗಿನಿಂದ ಇಂಥದೊಂದು ಗಳಿಗೆಗೆ ಕಾದಿದ್ದವಳು ಅವಳು. ಈಗಲ್ಲದಿದ್ದರೆ ಇನ್ನಿಲ್ಲ ಎಂದು ಧೈರ್ಯ ಮಾಡಿ, ಯಾವ ತುಟಿಗೂ ಹೊಂದಿಸದೆ, ತಡವರಿಸುತ್ತಲೇ ಎಲ್ಲವನ್ನೂ ಹೇಳಿದಳು. ಕೊನೆಗೆ, "ನಿಜವಾಗ್ಲೂ ಹೋಗ್ಬೇಕು ರೀ," ಎಂದಳು.

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವನು ರೀಲಪ್ಪ. ಅವಳಿಗೆ ನಿಂತ ನೆಲವೇ ಬಾಯ್ಬಿಡಬಾರದೇ ಅನ್ನಿಸಿತು. ಇನ್ನು ಎಷ್ಟು ಅತ್ತು ಹೇಳಿದರೂ ಅದು ಡೈಲಾಗೇ.

ಮರುದಿನ ಅವನು ಅಂಗಡಿಗೆ ಹೋದ ಮೇಲೆ ತಂಗಿಗೆ ಫೋನ್ ಮಾಡಿ, ಬೇರೆಯವರನ್ನು ನೋಡಿಕೋ ಎಂದಳು.

"ಯಾಕಕ್ಕಾ? ಭಾವಂಗೆ ಹೇಳಿದ್ಯೋ ಇಲ್ವೋ?"

"ಹೇಳ್ದೆ."

"ಏನಂದ್ರು?"

"ತುಂಬಾ ಚೆನ್ನಾಗಿದೆ ಅಂದ್ರು."